ಸೈಕಲ್ ಸ್ಟ್ಯಾಂಡಿನಲ್ಲಿ ಕೇಳಿದ್ದು

ಬಂದರಿನ ಟಾಕೀಸಿನಲ್ಲಿ ಆಗ ಮಾರ್ನಿಂಗ್ ಶೋ.
ಪೋಸ್ಟರಿನ ಮೂಲೆಯಲ್ಲಿ ಗುಂಡಗೆ ಒಂದು 'ಎ',
ಅವಳ ಎದೆಗೆ ಮ್ಯಾನೇಜರು ತಾನೇ ಬಳಿದ ಡಾಂಬರು.
ಹನ್ನೊಂದೂವರೆಗೆ ಒಳಗೆ ಹೋದವರು
ಒಂದೂವರೆಗೆ ಹೊರಗೆ,
ಬಿಸಿಲಿಗೆ ಕಣ್ಣು ಕಿರಿದು ಮಾಡಿ,
ಸಾವಿನ ಮನೆಯಿಂದ ಬಂದವರ ಹಾಗೆ
ಒಬ್ಬರ ಮುಖ ಒಬ್ಬರು ನೋಡದೆ.

ಟೋಕನ್ ಕೊಟ್ಟು ಸೈಕಲ್ ಬಿಡಿಸುವಾಗ ಮಾತ್ರ
ನನ್ನ ಹತ್ತಿರ ಬಾಯಿ ಬಿಡುತ್ತಿದ್ದರು,
ಕೇಳದಿದ್ದರೂ.

"ಎಂತ ಉಂಟು ಮಾರಾಯ, ಎಂತ ಇಲ್ಲ.
ಪೋಸ್ಟರಿನಲ್ಲಿದ್ದದ್ದು ಒಳಗಿಲ್ಲ"
ದಕ್ಕೆಯ ಇದಿನಬ್ಬ, ಐಸು ಹೊತ್ತು ಮರಗಟ್ಟಿದ ಬೆರಳಲ್ಲಿ
ಬೀಗ ತಡಕುತ್ತ.
"ಮಳೆ ಸೀನಿಗೆ ಸರೀ ಕತ್ತರಿ ಹಾಕಿದ್ದಾರೆ,
ನ್ಯಾಯಕ್ಕೆ ಅರ್ಧ ದುಡ್ಡು ವಾಪಸ್ ಕೊಡಬೇಕು."
ಹಂಚಿನ ಕಾರ್ಖಾನೆಯ ಐತಪ್ಪಣ್ಣನಿಗೆ ಕಥೆಯದ್ದೇ ಚಿಂತೆ:
"ಆ ಎಸ್ಟೇಟ್ ಧಣಿ ಕೊನೆಗೆ ಸತ್ತನಾ, ಓಡಿಹೋದನಾ?
ನನಗೆ ನಿದ್ದೆ ಬಂತು. ರಾತ್ರಿ ಪಾಳಿ ನೋಡಿ."
ಕೊಡೆಯಲ್ಲಿ ಅರ್ಧ ಮುಖ ಅಡಗಿಸಿದ ಲೆಕ್ಕದ ಮಾಸ್ಟ್ರು
"ಫೋಟೋಗ್ರಫಿ ಅಡ್ಡಿಲ್ಲ" ಎಂದರು.
ಮೂರನೆಯ ಸಲ ಬಂದಾಗಲೂ ಅದನ್ನೇ ಎಂದರು.
ಕಾಲೇಜಿನ ಹುಡುಗರಿಗೆ ಅಭಿಪ್ರಾಯ ಇರಲಿಲ್ಲ,
ನಗು ಇತ್ತು; ಅದೂ
ಹಂಪನಕಟ್ಟೆ ಮುಟ್ಟುವುದರೊಳಗೆ ಮುಗಿಯುವಷ್ಟು.
ಗ್ರೆಗೊರಿ ಪೊರ್ಬು "ಸಂಸ್ಕೃತಿ ಹಾಳಾಯಿತು" ಎಂದು ಬೈದು,
ಪೆಡಲಿಗೆ ಕಾಲಿಟ್ಟು ಕೇಳಿದರು,
"ಬರುವ ಶುಕ್ರವಾರ ಯಾವುದು?"

ಮೂರು ವಾರ ಓಡಿತು.
ಕಸ ಗುಡಿಸುವ ಬಾಬಿಯಕ್ಕನನ್ನು ಯಾರೂ ಕೇಳಿರಲಿಲ್ಲ.
ದಿನಾ ಕೊನೆಯ ಹತ್ತು ನಿಮಿಷ
ಬಾಗಿಲ ಪರದೆಯ ಸಂದಿಯಲ್ಲಿ ಹಿಡಿಸೂಡಿ ಹಿಡಿದು
ಲೈಟು ಹತ್ತಲಿಕ್ಕೆ ಕಾಯುವವಳು.
ಕುರ್ಚಿಯಡಿಯಲ್ಲಿ ನೆಲಗಡಲೆ ಸಿಪ್ಪೆ, ಬೀಡಿ ತುಂಡು,
ಒಮ್ಮೆ ಯಾವುದೋ ಮಗುವಿನ ಜ್ವರದ ಮದ್ದಿನ ಚೀಟಿ.

ಕೊನೆಯ ದಿನ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು
ಎಲೆಗೆ ಸುಣ್ಣ ಸವರುತ್ತ ಹೇಳಿದಳು:
"ಆ ಹುಡುಗಿಗೆ ಚಳಿಯಾಗ್ತಿತ್ತು.
ಕೈಯ ರೋಮ ನಿಂತದ್ದು ಕಾಣುತ್ತದೆ.
ಅಷ್ಟು ಜನ ಇದ್ದಿರಬೇಕು ಅಲ್ಲಿ, ಲೈಟು ಹಿಡಿಯಲಿಕ್ಕೆ,
ನೀರು ಹೊಯ್ಯಲಿಕ್ಕೆ.
ಒಂದು ಬೈರಾಸು ಕೊಡುವವರಿರಲಿಲ್ಲವಾ?
ಮತ್ತೆ ಹಿಮ್ಮಡಿ ನೋಡಿದಿರಾ? ಒಡೆದದ್ದು.
ಗದ್ದೆಯಲ್ಲಿ ನಿಂತ ಕಾಲು ಅದು, ಧಣಿಮನೆಯದ್ದಲ್ಲ."

ಪಿಕ್ಚರು ನೋಡಿಲ್ಲ ಎಂದು ನಾನು
ಎಲ್ಲರ ಹತ್ತಿರ ಹೇಳಿಕೊಂಡು ಬಂದವನು.
ಎರಡು ಸಲ ನೋಡಿದ್ದೆ.
ಹಿಮ್ಮಡಿ ಇತ್ತೆಂದೇ ಗೊತ್ತಿರಲಿಲ್ಲ.

ಬೆಂಗ್ರೆಯ ದೋಣಿಗೆ ಹೊತ್ತಾಯ್ತೆಂದು ಅವಳು ಎದ್ದಳು.
ಉಂಗುಷ್ಠ ಹರಿದ ಚಪ್ಪಲಿ ಕೈಯಲ್ಲಿತ್ತು.
ಓಣಿ ತಿರುಗುವವರೆಗೆ ಅವಳ ಕಾಲು ನೋಡಿದೆ.
ಹಿಂದಿನಿಂದ, ಹೊಸ ಪೋಸ್ಟರಿಗೆ ಮೈದಾ ಅಂಟು ಕಲಸುತ್ತಿದ್ದ ಹುಡುಗ
ಕೂಗಿದ:
"ಡಾಂಬರಿನ ಡಬ್ಬಿ ಎಲ್ಲಿಟ್ಟದ್ದು ಮಾರಾಯ್ರೆ?"