ಪೆಡಲ್: ಸೊನ್ನೆ

ನೀರು ಒಳಹೊಕ್ಕದ್ದು ಆಷಾಢದ ಅಮಾಸೆ ಭರತಿಯಲ್ಲಿ,
ಕೋಡಿಬಾಗದ ಸಂದಿಯಲ್ಲಿ ಗಾಡಿ ರಾತ್ರಿಯಿಡೀ ನಿಂತು.
ಮಾಲಿನಿ ಉಳ್ವೇಕರ್ ಹೇಳಿದ್ದು ಇಷ್ಟೇ:
"ಒರೆಸಿದ್ದೆ. ಬಿಸಿಲಿಗೂ ಇಟ್ಟಿದ್ದೆ.
ಒಂದು ತಿಂಗಳು ಓಡಿತಲ್ಲ ಮತ್ತೆ!"

ಉಪ್ಪಿಗೆ ಅವಸರವಿಲ್ಲ ಬಾಯಿ.
ಅದು ಮೊದಲು ತಾಮ್ರದ ಕೂಡೆ ಸಲುಗೆ ಬೆಳೆಸುತ್ತದೆ,
ಆಮೇಲೆ ಒಂದೊಂದೇ ಪಿನ್ನು ಹಸಿರಾಗುತ್ತದೆ
ತೊಳೆಯದ ಚೆಂಬಿನ ತಳದ ಹಾಗೆ.
ಡಬ್ಬಿ ಬಿಚ್ಚಿದರೆ ಒಳಗೆ
ಅಂಗೈಯಗಲದ ಸಾಣೀಕಟ್ಟೆ.

ಹೊಸದಕ್ಕೆ ಶೋರೂಮಿನಲ್ಲಿ ನಲವತ್ತೊಂದು ಸಾವಿರ.
ಹುಬ್ಬಳ್ಳಿ ಗುಜರಿಯಿಂದ ಬಂದದ್ದು ಆರೂವರೆಗೆ,
ಬಸ್ಸಿನ ಪಾರ್ಸಲ್ಲಲ್ಲಿ, ಹಳೇ ಬನಿಯನ್ನು ಸುತ್ತಿಕೊಂಡು.
ಅದೇ ಕಂಪನಿ, ಅದೇ ನಂಬರು, ಅವೇ ತೂತುಗಳು.
ಕೂರಿಸಿದೆ. ಕೀಲಿ ತಿರುಗಿಸಿದೆ.
ಡ್ಯಾಶಿನ ಮೇಲೆ ಕೆಂಪು ದೀಪ ಕಣ್ಣು ಮಿಟುಕಿಸಿತು:
ನೀನು ಯಾರು?

ಹಾಗೇ ಅದು. ತಾನಿದ್ದ ಗಾಡಿ ನಜ್ಜುಗುಜ್ಜಾಗಿ
ತೂಕಕ್ಕೆ ಹೋದ ಸುದ್ದಿ ಅದಕ್ಕೆ ಯಾರೂ ಹೇಳಿಲ್ಲ.
ಇನ್ನೂ ಹಳೇ ಕೀಲಿಗೇ ಕಾಯುತ್ತಿತ್ತು.

ಕೀಲು ಮುರಿದ ಲ್ಯಾಪ್‌ಟಾಪನ್ನು ಸ್ಟೀರಿಂಗಿಗೆ ಆನಿಸಿ
ಬರೆಯುವ ಮುಂಚೆ ಓದುತ್ತೇನೆ.
ಕೆಲಸ ಕಲಿಸಿದ ಪಾಸ್ಕೋಲನ ತಾಕೀತು ಅದು:
ಅಳಿಸಲಿಕ್ಕೆ ಎಂಥಾ ಪೆದ್ದನಿಗೂ ಬರುತ್ತದೆ.
ಒಂದೇ ಒಂದು ದೋಷ ಸಿಕ್ಕಿತು, ಅದರ ಕೆಳಗೆ
ಆ ಕ್ಷಣ ಹೆಪ್ಪುಗಟ್ಟಿ ಕೂತಿತ್ತು:

ವೇಗ: ತೊಂಬತ್ತೊಂದು.
ಎಂಜಿನ್: ಎರಡು ಸಾವಿರದ ಆರುನೂರು.
ನೀರಿನ ಬಿಸಿ: ಎಂಬತ್ತನಾಲ್ಕು.
ಪೆಡಲ್: ಸೊನ್ನೆ.

ಹೆಸರಿಲ್ಲ. ಊರಿಲ್ಲ. ರಾತ್ರಿಯೋ ಹಗಲೋ, ಅದೂ ಇಲ್ಲ.
ಕಾಲು ಎತ್ತಿದ್ದನ್ನು ಮಾತ್ರ ಬರೆದುಕೊಂಡಿದೆ.
ಚಪ್ಪಲಿಯ ಕಾಲೋ,
ಬರಿಗಾಲೋ.

ಮಾಲಿನಿ ಬಾಯಿ ಹೊರಗೆ ಸ್ಟೂಲಿನ ಮೇಲೆ ಚಾ ಆರಿಸುತ್ತಿದ್ದಳು.
"ಎಂತ ಹೇಳ್ತದೆ?"
"ಎಂತ ಇಲ್ಲ. ಹಳೇ ಕಸ."
ಅಳಿಸಲೇ, ಎಂದಿತು ಪರದೆ. ಹೂಂ ಎಂದು ಒತ್ತಿದೆ.

ಬರೆಯಲು ಹನ್ನೊಂದು ನಿಮಿಷ. ಅಷ್ಟು ಹೊತ್ತು
ಬ್ಯಾಟರಿ ಹನ್ನೆರಡೂವರೆಗಿಂತ ಕೆಳಗಿಳಿಯಕೂಡದು.
ನಾಲ್ಕನೆಯ ನಿಮಿಷಕ್ಕೆ ಕರೆಂಟು ಹೋಯಿತು.
ಬೈತಖೋಲದಲ್ಲಿ ಅದಕ್ಕೂ ಭರತಿ ಇಳಿತ ಉಂಟು.
ಪಕ್ಕದ ಐಸ್ ಫ್ಯಾಕ್ಟರಿಯ ಜನರೇಟರು ಗುಡುಗುವವರೆಗೆ,
ಅಲ್ಲಿಂದ ನಮ್ಮ ಚಾರ್ಜರಿಗೆ ವಯರು ಎಳೆಯುವವರೆಗೆ,
ಬಾಗಿಲು ತೆರೆದರೆ ಒಳದೀಪ ಹೊತ್ತೀತೆಂದು
ನಾನು ಸೀಟಿನಲ್ಲೇ ಬೆವತೆ.

ಹೊತ್ತು ಹೋಗಲೆಂದು ಅವಳು ತನ್ನ ಪಾಠ ಹೇಳಿದಳು,
ಇಳಿಸಿದ ಗಾಜಿನಾಚೆಯಿಂದ.
ಅಂಗನವಾಡಿಯವರು, ಮೀನು ಮಾರುವವರು,
ನೌಕಾನೆಲೆಯ ಸಾಹೇಬರ ಹೆಂಡತಿಯರು, ಎಲ್ಲ ಕಲಿಯಲು ಬರುತ್ತಾರಂತೆ.
"ಮೊದಲ ದಿನ ಗೇರು ಕಲಿಸೋದೇ ಇಲ್ಲ ನಾನು.
ದನ ಅಡ್ಡ ಬಂತಾ, ಮಗು ಅಡ್ಡ ಬಂತಾ, ಮೊದಲು ಕಾಲು ತೆಗಿ.
ಬ್ರೇಕು ಆಮೇಲೆ.
ಅರ್ಧ ಜನ ಹೆದರಿ ಇನ್ನೂ ಒತ್ತುತ್ತಾರೆ, ಗೊತ್ತುಂಟಾ?
ಕಾಲು ತೆಗೆಯೋದೇ ಕಷ್ಟದ ವಿದ್ಯೆ."

ನೂರಕ್ಕೆ ಎಪ್ಪತ್ತೆರಡು.
ಯಾರೋ ಒಬ್ಬರಿಗೆ ಆ ವಿದ್ಯೆ ಬರುತ್ತಿತ್ತು ಬಾಯಿ,
ಎನ್ನಬೇಕೆನಿಸಿತು.
ತೋರಿಸಲು ಈಗ ಏನೂ ಉಳಿದಿರಲಿಲ್ಲ.

ಕೀಲಿಯನ್ನು ಅದಕ್ಕೆ ಪರಿಚಯಿಸಿದೆ. ಗಾಡಿ ಹೊತ್ತಿತು,
ಏರಿತು, ತಗ್ಗಿತು, ಕೆಮ್ಮಿತು.
"ಹತ್ತು ನಿಮಿಷ ಏಸಿ ಬೇಡ, ಪೆಡಲು ಮುಟ್ಟಬೇಡಿ."
"ಎಂತಕ್ಕೆ?"
"ನಿಂತಲ್ಲೇ ಉಸಿರಾಡಲು ಕಲಿಯುತ್ತಿದೆ."
ಅವಳು ನಕ್ಕು ಡಿಕ್ಕಿಯಿಂದ ಕೆಂಪು 'ಎಲ್' ಫಲಕ ತೆಗೆದು,
ದುಪಟ್ಟಾದಲ್ಲಿ ಒರೆಸಿ, ಮುಂದೊಂದು ಹಿಂದೊಂದು ಅಂಟಿಸಿದಳು.
ಹಿಂದಿನದು ಸೊಟ್ಟಗೇ ಉಳಿಯಿತು.

ಗಾಡಿ ಸದಾಶಿವಗಡದ ದಿಕ್ಕಿಗೆ ಹೋದ ಮೇಲೆ
ಗೋಡೆಯಲ್ಲಿ, ಗಿರಾಕಿಗಳ ಫೋನ್ ನಂಬರುಗಳ ನಡುವೆ,
ಪೆನ್ಸಿಲ್ಲಲ್ಲಿ ಗೀಚಿದೆ: ೯೧ ೨೬೦೦ ೮೪ ೦.
ಕೆಲಸದ ಹುಡುಗ ಬೆರಳಿಟ್ಟು ಎಣಿಸಿದ.
"ಒಂದು ಅಂಕಿ ಕಮ್ಮಿ ಉಂಟು. ಹತ್ತೋದಿಲ್ಲ ಇದು."