ರಹಿತ, ತರುವಾಯ ಸಹಿತ

ಬೆಕ್ಲಿ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಬಾಯ್ಲರಿನ ಪಕ್ಕಕ್ಕೆ ನನ್ನ ಮೇಜು.
ಮೇಲೆ ಏನೇ ನಡೆಯಲಿ, ಹುಟ್ಟಲಿ, ಹರಿಯಲಿ,
ಇಲ್ಲಿಗೆ ಇಳಿಯುವಾಗ ಅಂಕಿಯಾಗಿಯೇ ಇಳಿಯಬೇಕು.
ಹತ್ತೊಂಬತ್ತು ವರ್ಷ. ಬಾಗಿಲಿಗೆ ಇನ್ನೂ ಹೆಸರಿಲ್ಲ.

ಸೊಂಟದ ಬೋಗುಣಿಯ ಎಂಆರ್‌ಐಗೆ ಮೂರು ಅಂಕಿ:
ಮದ್ದು ಹಾಕದೆ ತೆಗೆದರೆ ಕೊನೆಗೆ ತೊಂಬತ್ತೈದು,
ಹಾಕಿ ತೆಗೆದರೆ ತೊಂಬತ್ತಾರು,
ಮೊದಲು ಹಾಕದೆ, ಆಮೇಲೆ ಹಾಕಿ ತೆಗೆದರೆ ತೊಂಬತ್ತೇಳು.
ಪುಸ್ತಕದ ಭಾಷೆಯಲ್ಲಿ: ರಹಿತ, ತರುವಾಯ ಸಹಿತ.

ಸಹಿತ, ತರುವಾಯ ರಹಿತ;
ಅದಕ್ಕೆ ಅಂಕಿಯಿಲ್ಲ.
ಹಾರ್ಲನ್ ಹೋದ ವರ್ಷ ಹುಡುಕಿದ್ದೆ,
ಸುಮ್ಮನೆ, ಊಟದ ಬಿಡುವಿನಲ್ಲಿ.

ಫೆಬ್ರವರಿಯಲ್ಲಿ ಐಡೆಲ್ಲಾ ಕ್ರೌಸ್ ಫೋನು ಮಾಡಿದಳು.
ಶಾಲೆಯ ಬಸ್ಸು ಓಡಿಸುವವಳು, ಐವತ್ತೆಂಟು ವಯಸ್ಸು.
"ಎರಡು ಸಾವಿರದ ಎಂಟುನೂರ ನಲವತ್ತು ಡಾಲರು, ನೋಡಮ್ಮಾ,
ಆ ಮದ್ದಿನ ದುಡ್ಡೂ ಸೇರಿ.
ನನಗೆ ಅದನ್ನ ಹಾಕಲೇ ಇಲ್ಲ."
ಹಾಕಿದೆ ಅಂತ ಬರೆದಿದೆಯಲ್ಲ, ಅಂದೆ.
"ಬರೆದಿರಬಹುದು. ತೋಳು ನನ್ನದು."

ಐವತ್ತೆರಡು ಮಕ್ಕಳ ಗದ್ದಲ ಬೆನ್ನಿಗೆ ಕಟ್ಟಿಕೊಂಡು
ಹಿಮ ಬಿದ್ದ ಗುಡ್ಡದ ತಿರುವುಗಳಲ್ಲಿ
ಒಮ್ಮೆಯೂ ಕೈ ನಡುಗದವಳು.
ಆ ಕೊಳವೆಯೊಳಗೆ, ಡಬಡಬ ಬಡಿತ ನಿಂತು,
"ಈಗ ಮದ್ದು ಬಿಡ್ತೀನಿ, ತೋಳು ತಣ್ಣಗಾಗುತ್ತೆ"
ಎಂದು ಹುಡುಗನೊಬ್ಬ ಎಲ್ಲಿಂದಲೋ ಹೇಳಿದಾಗ
ಅಪ್ಪ ನೆನಪಾದನಂತೆ,
ಮೂವತ್ತಂಗುಲದ ಗಣಿಯಲ್ಲಿ
ಮಲಗಿಕೊಂಡೇ ಕಲ್ಲಿದ್ದಲು ಕಡಿದವನು.
ಕೈಯೊಳಗಿನ ರಬ್ಬರ್ ಬುಗ್ಗೆ ಹಿಂಡಿಬಿಟ್ಟಳು.
"ತಣ್ಣಗಾಗಲೇ ಇಲ್ಲ. ಆಗಿದ್ದರೆ ಕೊಡ್ತಿದ್ದೆ."

ಕಡತ ಕೆದಕಿದೆ. ತಳದಲ್ಲಿ, ಯಾರೂ ಓದದ ಮೂಲೆಯಲ್ಲಿ,
ಆ ಹುಡುಗನ ಅವಸರದ ಸಾಲು:
ರೋಗಿ ಕರೆಗಂಟೆ ಒತ್ತಿದರು. ನಿಲ್ಲಿಸಲಾಯಿತು.
ತೆರೆದ ಸೀಸೆ ಚೆಲ್ಲಲಾಯಿತು.
ವೈದ್ಯರು ಬರೆದುಕೊಟ್ಟದ್ದನ್ನೇ ನಡೆದದ್ದೆಂದು
ಕಂಪ್ಯೂಟರು ನಂಬಿತ್ತು. ಅದನ್ನು ನಾನು ನಂಬಿದ್ದೆ.

ಚೆಲ್ಲಿದ್ದಕ್ಕೆ ದುಡ್ಡು ಕೇಳಬಹುದೇ ಎಂದು
ಮೇಲಿನವರನ್ನು ವಿಚಾರಿಸಿದೆ.
ಅಡ್ಡಗೋಡೆಯ ಮೇಲೆ ದೀಪವಿಟ್ಟರು.
ಸಂಜೆ ಐದಕ್ಕೆ, ಕೋಟು ಹಾಕಿಕೊಂಡ ಮೇಲೆ,
ಮತ್ತೆ ಕೂತು ಏಳನ್ನು ಅಳಿಸಿ ಐದು ಒತ್ತಿದೆ.
ಸೀಸೆಯ ಸಾಲನ್ನೂ ಹೊಡೆದುಹಾಕಿದೆ.
ಒಂಬೈನೂರ ಹತ್ತು ಡಾಲರು ಇಳಿಯಿತು.
ಬಾಯ್ಲರು ಎಂದಿನಂತೆ ಗೊರಗುಟ್ಟುತ್ತಿತ್ತು.

ಏಪ್ರಿಲಿನಲ್ಲಿ ಮತ್ತೆ ಬಂದಳಂತೆ,
ಮಾತ್ರೆ ನುಂಗಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು.
ಈ ಸಲ ಮದ್ದು ಹೋಗಿದೆ: ಏಳೂವರೆ ಮಿಲಿ, ಎಡಗೈ.
ವರದಿ ನನ್ನ ಮೇಜಿಗೆ ಬಂತು.
ಕಾಯಿಲೆಗೂ ಒಂದು ಅಕ್ಷರ ಹಚ್ಚಬೇಕು.
ಸಿ ಎಂದರೆ ಬಾಯಿ ಒಣಗುವ ಅಕ್ಷರ.
ಹಾರ್ಲನ್ನನ ಕಾಗದಗಳ ಮೇಲೆಲ್ಲ ಅದೇ ಇತ್ತು,
ಕೆಲವನ್ನು ನಾನೇ ಹಚ್ಚಿದ್ದೆ.
ಬಿಸಿ ಗಂಜಿ ಉಣ್ಣುವ ಹಾಗೆ
ಅಂಚಿನಿಂದ, ಚೂರು ಚೂರೇ ಓದಿದೆ.

ಡಿ. ಇಪ್ಪತ್ತೈದು.
ಗರ್ಭಕೋಶದ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ,
ಯಾರಿಗೂ ಏನೂ ಮಾಡದೆ ಕೂತಿರುವಂಥದು.

ಮೂರೂವರೆಗೆ ಫೋನು. ಮಕ್ಕಳನ್ನು ಇಳಿಸಿ
ಬಸ್ಸು ಬದಿಗೆ ಹಾಕಿದ್ದಳು.
"ಡಾಕ್ಟರು ನಾಳೆ ಸಿಗ್ತಾರಂತೆ.
ನಾನು ಬಿಲ್ಲಿನ ವಿಷಯಕ್ಕೆ ಮಾಡಿದ್ದು."
ಆಮೇಲೆ, ದನಿ ತಗ್ಗಿಸಿ,
"ಅಲ್ಲಿ ನಿಮಗೇನಾದರೂ ಕಾಣಿಸುತ್ತಾ?"

ಫಲಿತಾಂಶ ಹೇಳಕೂಡದು ಎಂದು
ನನ್ನ ಕಣ್ಣೆದುರಿಗೇ ಗೋಡೆಗೆ ಅಂಟಿಸಿದ್ದಾರೆ,
ನಾಲ್ಕು ಮೂಲೆಗೂ ಟೇಪು ಹಾಕಿ.

"ಈ ಸಲ ತೊಂಬತ್ತೇಳು," ಅಂದೆ. "ಸರಿಯಾಗಿದೆ.
ಯಾವ ತಪ್ಪೂ ಇಲ್ಲ, ಮಿಸೆಸ್ ಕ್ರೌಸ್.
ಎಲ್ಲಾ ಸರಿಯಾಗಿದೆ.
ಬಿಲ್ಲಿನದು ಹೇಳಿದ್ದು."

ಆ ಕಡೆ ಇಂಡಿಕೇಟರು ಟಿಕ್ಕು ಟಿಕ್ಕು ಎನ್ನುತ್ತಲೇ ಇತ್ತು,
ತುಂಬಾ ಹೊತ್ತು.

"ಬಿಲ್ಲಿನದು," ಅಂದಳು. "ಹೌದು. ಗೊತ್ತಾಯ್ತು."
ಮೂಗು ಸೀಟಿದ ಸದ್ದು.
"ಕಂತಿನಲ್ಲಿ ಕಟ್ಟಬಹುದಾ?"