ನಡುವಿನ ಹತ್ತು ದಿನ

ಹಾರ್ಲಿಂಗನ್ ಬಂದರು,
ಹಳೆಯ ಎಣಿಕೆಯ ಜನವರಿ ಹದಿನೇಳು.
ಪೊಜ್ನಾನಿನ ಪಾದ್ರಿ ಬೊಗುಮಿಲರಿಗೆ.

ನಿಮ್ಮ ಕಾಗದ ಬಂತು, ಹೆರಿಂಗ್ ಮೀನಿನ ಪೀಪಾಯಿಗಳ ನಡುವೆ,
ಅಂಚೆಲ್ಲ ಉಪ್ಪುನೀರಿಗೆ ನೆಂದು.
ನೀವು ಬರೆದ ಶನಿಗೆ ಉಂಗುರ ಇರಲಿಲ್ಲ.
ಸಮುದ್ರ ಒರೆಸಿತೆಂದುಕೊಂಡು
ಮಸಿಯಲ್ಲಿ ನಾನೇ ತಿದ್ದಿದೆ.
ಮೋಡ ಹರಿದ ರಾತ್ರಿ ದುರ್ಬೀನಿಗೆ ಕಣ್ಣಿಟ್ಟರೆ
ಆಕಾಶದಲ್ಲೂ ಇರಲಿಲ್ಲ.
ಕ್ಷಮಿಸಿ. ತಿದ್ದಿದ್ದನ್ನು ಕೆರೆದು ತೆಗೆದಿದ್ದೇನೆ;
ಕಾಗದ ಅಲ್ಲೀಗ ತೆಳ್ಳಗೆ, ದೀಪ ಹಿಡಿದರೆ
ಬೆಳಕು ಆಚೆ ಬರುತ್ತದೆ.

ಇನ್ನು ತಿಮಿಂಗಿಲದ ಕೊರಳಲ್ಲಿ
ಬಂದು ಹೋಗುವ ಆ ನಕ್ಷತ್ರದ ಮಾತು.
ಎರಡು ವರ್ಷ ಜಗಳವಾಡಿದಿರಿ, ನೀವೂ ಸೀಬ್ರನಣ್ಣನೂ.
ನಮ್ಮ ತಾರೀಕಿನಿಂದ ನಿಮ್ಮದಕ್ಕೆ ಎಣಿಸಿದರೆ
ಅದು ಹತ್ತು ದಿನ ತಡ.
ನಿಮ್ಮದರಿಂದ ನಮ್ಮದಕ್ಕೆ, ಹತ್ತು ದಿನ ಮೊದಲು.
"ಪಾದ್ರಿಗೆ ಕಣ್ಣಿಲ್ಲ" ಅಂದ ಇವನು.
ಪ್ರಾಟೆಸ್ಟಂಟರಿಗೆ ಲೆಕ್ಕ ಬರದು ಅಂತ ನೀವು ಬರೆದಿರಿ,
ಲ್ಯಾಟಿನ್ನಿನಲ್ಲಿ, ಬಹಳ ಮರ್ಯಾದೆಯಾಗಿ.

ಮೊನ್ನೆ ಕ್ರಿಸ್‌ಮಸ್ಸಿಗೆ ಹಿಟ್ಟು ನಾದುತ್ತಿದ್ದಾಗ ಹೊಳೆಯಿತು:
ನಿಮ್ಮೂರಲ್ಲಿ ಹಬ್ಬ ಆಗಲೇ ಮುಗಿದು
ರೊಟ್ಟಿ ಹಳಸಿರುತ್ತದೆ!
ನಿಮ್ಮ ಪೋಪರು ನುಂಗಿದ ಹತ್ತು ದಿನ,
ನಮ್ಮ ಹಠ ನುಂಗದ ಹತ್ತು ದಿನ.
ಹಿಟ್ಟಿನ ಕೈಯಲ್ಲೇ ಪುಸ್ತಕ ತೆಗೆದು ನೋಡಿದೆ.
ನಕ್ಷತ್ರ ಒಮ್ಮೆಯೂ ಮಾತು ತಪ್ಪಿರಲಿಲ್ಲ.

ಇನ್ನೊಂದು. ಇದನ್ನು ಅವನು ಹೇಳಿ ಬರೆಸುತ್ತಿಲ್ಲ.
ಮೂರು ಚಳಿಗಾಲದಿಂದ ಅವನ ಕಣ್ಣಲ್ಲಿ ಪೊರೆ.
ಕಡಲಕಟ್ಟೆಯ ಮೇಲೆ ನನ್ನ ಮುಂಗೈ ಹಿಡಿದು ನಿಂತು
"ಎಷ್ಟು?" ಅನ್ನುತ್ತಾನೆ.
"ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಮಂಕು" ಅನ್ನುತ್ತೇನೆ.
ಯಾರ ಕೂದಲು ಅಂತ ಒಮ್ಮೆ ಕೇಳಿ ಬರೆದಿದ್ದಿರಿ.
ನನ್ನದು. ನೆರೆತಿದೆ.
ಅಳತೆಗೆ ಬೇಕಾದೀತೆಂದು ಒಂದನ್ನು
ಅರಗಿನ ಮುದ್ರೆಯಡಿ ಇಟ್ಟಿದ್ದೇನೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ರಾತ್ರಿಗಳು
(ನಮ್ಮ ಬಂದರಿನಲ್ಲಿ ಅದೂ ತಿಮಿಂಗಿಲದ್ದೇ)
ನನ್ನವು. ನೀವು ನಂಬಿದ ಅಂಕೆಗಳೂ.
ಇನ್ನು ನಂಬುವುದಿಲ್ಲವಾದರೆ ಅಡ್ಡಗೆರೆ ಎಳೆದುಬಿಡಿ,
ಅವನಿಗೆ ಮಾತ್ರ ಬರೆಯಬೇಡಿ.
ಓದಿ ಹೇಳಬೇಕಾದವಳು ನಾನೇ.

ಇದು ತಲುಪುವಷ್ಟರಲ್ಲಿ ಆ ಕೊರಳು ಬರಿದಾಗಿರುತ್ತದೆ.
ಬರಿ ಜಾಗವನ್ನೂ ನೋಡಿ ಬರೆಯಿರಿ,
ಎರಡೂ ತಾರೀಕು ಹಾಕಿ.

ಇಂತಿ, ಟ್ಯಿಟ್ಸ್‌ಕೆ.
ಹೆಸರು ಹೊಸದು;
ಕೈಬರಹ ನಿಮಗೆ ಗೊತ್ತಿರುವುದೇ.